ತಲೆ ಮೇಲಿನ ಆಣೆ

ಮಗಳಿಗೆ ಒಂಬತ್ತು ವರ್ಷ. ಕಣ್ಣು ಪಟಪಟ ಬಡಿಯುವುದು, ಕತ್ತು ಕೊಡವುವುದು ತಾವಾಗಿಯೇ ಬರುತ್ತವೆ, ಅವಳ ಕೈಲಿಲ್ಲ ಅಂತ ಡಾಕ್ಟರು ಹೇಳಿದ್ದರು. ಅರಸೀಕೆರೆಯ ಶಾಲೆಯಲ್ಲಿ ನಲವತ್ತು ಮಕ್ಕಳನ್ನು ಸುಮ್ಮನೆ ಕೂರಿಸುವ ಟೀಚರು ನಾನು. ನನ್ನ ಮಗಳೊಬ್ಬಳನ್ನು ಕೂರಿಸಲಾರೆನೇ ಅಂತ ಸಿಟ್ಟು ಬಂತು. ಒಂದು ಸಂಜೆ ಅವಳ ಕೈಯನ್ನು ನನ್ನ ತಲೆ ಮೇಲೆ ಇಡಿಸಿಕೊಂಡು, ಇನ್ನು ಮಾಡಲ್ಲ ಅಂತ ಆಣೆ ಮಾಡಿಸಿದೆ.

ಅವತ್ತಿನಿಂದ ಅವಳ ನಡವಳಿಕೆ ನನಗೇ ಹೆದರಿಕೆ ಹುಟ್ಟಿಸತೊಡಗಿತು. ಕತ್ತು ಕೊಡವಿದ ಕೂಡಲೇ ಓಡಿ ಬಂದು ನನ್ನ ಮೂಗಿನ ಹತ್ತಿರ ಬೆರಳು ಹಿಡಿಯುವಳು. ಯಾಕೇ ಅಂದರೆ ಹೇಳಳು. ಒಲೆಯ ಮುಂದೆ ನಿಂತ ನಾನು ತಿರುಗಿದರೆ, ಬೆನ್ನ ಹಿಂದೆಯೇ ನಿಂತು ನನ್ನನ್ನು ದಿಟ್ಟಿಸುತ್ತಿರುವಳು.

ರಜೆಯಲ್ಲಿ ಹಳೇಬೀಡು ನೋಡಿಕೊಂಡು ಪಕ್ಕದ ಬಸ್ತಿಹಳ್ಳಿಯ ಬಸದಿಗೆ ಹೋದೆವು. ಒಳಗಿನ ಕರಿಕಲ್ಲಿನ ಕಂಬಗಳಿಗೆ ಕನ್ನಡಿಯ ನುಣುಪು. ಎದುರು ನಿಂತವರು ಅದರೊಳಗೆ ಉದ್ದುದ್ದವಾಗಿ, ಸೊಟ್ಟಗೆ ಕಾಣುತ್ತಾರೆ. ಬೇರೆ ಮಕ್ಕಳು ತಮ್ಮ ಮುಖ ನೋಡಿ ನಗುತ್ತಿದ್ದರು. ಮಗಳು ನನ್ನನ್ನು ಎಳೆದು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಅವಳ ಕತ್ತು ಮೂರು ಸಲ ಅದುರಿತು. ಅವಳ ಕಣ್ಣು ಮಾತ್ರ ಕಲ್ಲಿನೊಳಗೆ ನನ್ನನ್ನೇ ಹುಡುಕುತ್ತಿತ್ತು.

“ದಿನಾ ಆಣೆ ಮುರೀತಿದೀನಿ,” ಅಂದಳು ಮೆಲ್ಲಗೆ. “ಯಾಕಮ್ಮ ನೀನಿನ್ನೂ ಸತ್ತಿಲ್ಲ?”