ಎರ್ರೆಮ್ಮ ಎಲೆ ಉಗುಳುತ್ತಿರಲಿಲ್ಲ

ಎರ್ರೆಮ್ಮನನ್ನು ನಾನು ಮೊದಲು ಕಂಡದ್ದು ಹಡಗಲಿಯಲ್ಲಿ, ದಾದಾಪೀರ್ ಸಾಹೇಬರ ಹೂವಿನ ಶೆಡ್ಡಿನಲ್ಲಿ. ನನ್ನ ಯಜಮಾನರು ತೀರಿಕೊಂಡ ಮೇಲೆ ಇಟ್ಟಿಗಿ ಊರು ಬಿಟ್ಟು ಮಲ್ಲಿಗೆ ಕಟ್ಟುವ ಕೆಲಸಕ್ಕೆ ನಾನು ಬಂದ ದಿನ ಅದು. ಎರ್ರೆಮ್ಮ ತಾನು ಕೂತ ಗೋಣಿಚೀಲದ ಮೇಲೇ ಸರಿದು ಜಾಗ ಕೊಟ್ಟಳು.

"ಬಾ ಅಕ್ಕಾ, ಇಲ್ಲೇ ಕುಂದ್ರು. ಅತ್ಲಾಗ ಬಿಸಲು ಬರ್ತೈತಿ."

ಅವಳ ಎಡಗೆನ್ನೆ ಉಬ್ಬಿತ್ತು. ಎಲೆ ಅಡಿಕೆ ಹಾಕಿಕೊಂಡವರ ಹಾಗೆ ಮಾತು ದಪ್ಪ ಬರುತ್ತಿತ್ತು. ಎದುರು ಕೂತ ಹುಲುಗಮ್ಮ ಅವತ್ತೇ ಹೇಳಿದಳು.

"ಇಕಿ ಗಂಡ ಗಂಗಪ್ಪ ಗುಟ್ಕಾ ತಿಂದು ಬಾಯಿ ಕ್ಯಾನ್ಸರ್ ಆಗಿ ಹೋದ. ಇಕಿ ನೋಡ್ರಿ, ಇನ್ನೂ ಆಡು ಮೇದಂಗ ಎಲಿ ಮೇಯ್ತಾಳ."

"ಮೇಯ್ತೀನಿ ಬಿಡಲೇ. ನಿಮ್ಮಪ್ಪನ ತ್ವಾಟದ ಎಲಿ ಏನು?" ಎಂದು ಎರ್ರೆಮ್ಮ ನಕ್ಕಳು.

ದೇವರಿಗೆ ಹೋಗುವ ಹೂವು. ಶೆಡ್ಡಿನೊಳಗೆ ಯಾರೂ ಉಗುಳುವಂತಿಲ್ಲ, ಹೊರಗೆ ಬೇವಿನ ಗಿಡದ ಬುಡಕ್ಕೆ ಹೋಗಬೇಕು. ಹುಲುಗಮ್ಮ ಹೋಗುತ್ತಿದ್ದಳು. ಎರ್ರೆಮ್ಮ ಹೋಗುತ್ತಿರಲಿಲ್ಲ. ಚಳಿಗಾಲ ಬಂದು ಮೊಗ್ಗು ಕಡಿಮೆಯಾಯಿತು, ಮತ್ತೆ ಬೇಸಿಗೆ ಬಂತು. ಅಷ್ಟರಲ್ಲಿ ಅವಳು ಒಮ್ಮೆಯೂ ಉಗುಳಿದ್ದನ್ನು ನಾನು ಕಾಣಲಿಲ್ಲ. ಸೊಂಟದ ಚೀಲದಲ್ಲಿ ಎಲೆ ಇತ್ತು, ಅಲ್ಲೇ ಒಣಗುತ್ತಿತ್ತು.

ಅವಳ ಮಗಳು ಸುಕನ್ಯಾ, ಅಂಗನವಾಡಿ ಟೀಚರು. ಚಿಗಟೇರಿಯ ಭೀಮರಾಜ ಎಂಬ ಲೈನ್‌ಮ್ಯಾನ್ ಹುಡುಗ ಒಪ್ಪಿದ. ನಿಶ್ಚಯದ ಹಿಂದಿನ ದಿನ ಎರ್ರೆಮ್ಮ ನನ್ನ ಬೆರಳು ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು. ಒಳಗೆ ಗಟ್ಟಿ ಗಂಟು. ನೆನೆಸಿದ ಅಡಿಕೆಯ ಹಾಗೆ ಬೆರಳಿಗೆ ಜಾರಿತು.

"ನೋವೈತೇನು?"

"ಇಲ್ಲ. ಗಂಡನ ರೋಗ ನನಗ ಅಂಟೈತಕ್ಕ. ಅಪ್ಪಗೂ ಅದ, ಅವ್ವಗೂ ಅದ ಅಂದ್ರ ನನ್ನ ಮಗಳನ್ನ ಯಾರು ತಗೊಂತಾರ? ಬಾಯಾಗ ಎಲಿ ಐತಿ ಅಂದ್ರ ಬೈತಾರ, ಅಷ್ಟ. ಲಗ್ನ ಒಂದು ಆಗಲಿ."

"ದವಾಖಾನಿಗೆ ತೋರಿಸು."

"ತೋರಿಸಿದ್ರ ಊರಿಗೇ ಗೊತ್ತಾಗ್ತೈತಿ."

ಅವರ ಮಂದಿಯಲ್ಲಿ ನಿಶ್ಚಯದ ದಿನ ಬೀಗತಿಯರಿಬ್ಬರೂ ಒಬ್ಬರ ಬಾಯಿಗೊಬ್ಬರು ಎಲೆ ಅಡಿಕೆ ಇಡಬೇಕು, ಅಗಿದು ಬಾಯಿ ತೆರೆದು ಕೆಂಪು ತೋರಿಸಬೇಕು. ಆಗಲೇ ಮಾತು ಗಟ್ಟಿ. ಹುಡುಗನ ತಾಯಿ ಜೋಗಮ್ಮ ಎಲೆ ಇಟ್ಟಳು. ಎರ್ರೆಮ್ಮ ಅದನ್ನು ಅಗಿಯದೆ ಬಲಗೆನ್ನೆಗೆ ತಳ್ಳಿಕೊಂಡಳು. ಎರಡೂ ಕೆನ್ನೆ ಉಬ್ಬಿದವು.

"ಅಯ್ಯ, ಬೀಗತಿ ಹಳೇದು ಇರೂವಾಗಲೇ ಹೊಸಾದು ತುಂಬಿಕೊಂಡ್ಳು! ಉಗುಳವ್ವಾ, ನಾಚಿಕಿ ಯಾಕ?" ಎಂದು ಜೋಗಮ್ಮ ತಟ್ಟೆ ಹಿಡಿದಳು. ಎಲ್ಲರೂ ನಕ್ಕರು.

ಎರ್ರೆಮ್ಮ ಉಗುಳಿದಳು. ಹೊಸ ಎಲೆ ಬಿತ್ತು. ಎಡಗೆನ್ನೆ ಹಾಗೇ ಇತ್ತು.

ನಗು ನಿಂತಿತು. ಜೋಗಮ್ಮ ಅವಳ ಗದ್ದ ಹಿಡಿದು ಬಾಯಿ ತೆರೆಸಿ ನೋಡಿದಳು. ಹಲ್ಲು ಬೆಳ್ಳಗಿದ್ದವು.

"ತೋರಿಸಿಕೊಂಡು ಬಾ. ಏನಂತ ತಿಳಿದ ಮ್ಯಾಲ ಎಲಿ ಅಗಿಯೂಣಂತ," ಅಂದಳು. ಬೀಗರು ಊಟ ಮಾಡದೆ ಹೋದರು. ಎರ್ರೆಮ್ಮ ಚಾಪೆ ಸುತ್ತಿಟ್ಟಳು. ಅಡಿಗೆ ಕೆಡುತ್ತದೆಂದು ಓಣಿಯವರಿಗೆ ಬಡಿಸಿದಳು. ಅಳಲಿಲ್ಲ.

ಬಳ್ಳಾರಿಯ ದವಾಖಾನೆಗೆ ಸುಕನ್ಯಾ, ನಾನು ಇಬ್ಬರೂ ಅವಳ ಜೊತೆಗೆ ಹೋದೆವು. ಗಂಟಿಗೆ ಸೂಜಿ ಚುಚ್ಚಿ ಪರೀಕ್ಷೆಗೆ ಸ್ವಲ್ಪ ತೆಗೆದರು, ಮತ್ತೊಂದು ದಿನ ಬರಹೇಳಿದರು. ಅವತ್ತು ಡಾಕ್ಟರಮ್ಮ ನಿಧಾನವಾಗಿ ಹೇಳಿದರು.

"ಬಾಯಲ್ಲೆಲ್ಲಾ ಜೊಲ್ಲು ಹುಟ್ಟಿಸೋ ಸಣ್ಣ ಸಣ್ಣ ಗ್ರಂಥಿ ಇರ್ತಾವಮ್ಮ. ಅದರಲ್ಲೊಂದು ಬೆಳೆದು ಗಂಟಾಗಿದೆ. ಕೆನ್ನೆಯಲ್ಲಿ ಬರೋದು ಅಪರೂಪ. ಕ್ಯಾನ್ಸರ್ ಅಲ್ಲ. ಅಂಟೋದೂ ಇಲ್ಲ, ನಿಮ್ಮ ಯಜಮಾನರಿಂದ ಬಂದದ್ದೂ ಅಲ್ಲ. ಆದರೆ ಹಾಗೇ ಬಿಡಬಾರದು, ತೆಗೀಬೇಕು."

ಸುಕನ್ಯಾ ಅಲ್ಲೇ ಗೋಡೆ ಹಿಡಿದು ಅತ್ತಳು. ಎರ್ರೆಮ್ಮ "ಹೂಂ" ಅಂದಳು. ಹೊರಗೆ ಬಂದು ಹಡಗಲಿ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೇಳಿದಳು.

ಗಂಟು ತೆಗೆದರು. ಕೆನ್ನೆ ಮಟ್ಟಸವಾಯಿತು, ಒಳಗೆ ಜೋಮು ಉಳಿಯಿತು. ಮುಟ್ಟಿದರೂ ತಿಳಿಯದು. ಚಹಾ ತುಟಿಯ ಸಂದಿಯಿಂದ ಇಳಿದರೆ ನಾನೇ ಸೆರಗಿನಿಂದ ಒರೆಸುತ್ತಿದ್ದೆ. ಜೋಮು ಹೋದರೂ ಹೋಗಬಹುದು, ಹೋಗದೆಯೂ ಇರಬಹುದು ಎಂದಿದ್ದರು ಡಾಕ್ಟರಮ್ಮ.

ಎರ್ರೆಮ್ಮ ಶೆಡ್ಡಿಗೆ ಮರಳಿದ ದಿನ ಹುಲುಗಮ್ಮ ತಲೆ ಎತ್ತದೆ ಗೋಣಿಚೀಲ ಹಾಸಿಕೊಟ್ಟಳು. ಆಮೇಲೆ ಅಂದಳು, "ಅಷ್ಟೂ ಎಲಿ ಚೀಲದಾಗ ಒಣಗಿಸಿದೆಲ್ಲಲೇ, ನನಗರ ಕೊಡಬಾರದಿತ್ತೇನು?"

ಭೀಮರಾಜ ರಿಪೋರ್ಟನ್ನು ತಾಯಿಗೆ ಓದಿ ಹೇಳಿದನಂತೆ. ಜೋಗಮ್ಮ ತಾನೇ ಬಂದು ಲಗ್ನದ ದಿನ ಗೊತ್ತುಮಾಡಿದಳು. ಚಿಗಟೇರಿಯಲ್ಲಿ ಲಗ್ನ ಆಯಿತು. ಅದಾದ ಮೇಲೆ ಎರ್ರೆಮ್ಮ ಹರಪನಹಳ್ಳಿಯ ಹಾಸ್ಟೆಲ್ಲಿಗೆ ಅಡಿಗೆ ಕೆಲಸಕ್ಕೆ ಸೇರಿದಳು. ಮತ್ತೆ ನಾವು ಭೇಟಿಯಾಗಿಲ್ಲ.

ಆ ಲಗ್ನದ ದಿನ, ನಿಶ್ಚಯದಂದು ನಿಂತುಹೋಗಿದ್ದ ಎಲೆಯ ಶಾಸ್ತ್ರವನ್ನು ಮೊದಲು ಮಾಡಿದರು. ಜೋಗಮ್ಮ ಎಲೆ ಇಟ್ಟಳು. ಎರ್ರೆಮ್ಮ ಜೋಮು ಹಿಡಿದಿದ್ದ ಎಡಗಡೆಗೇ ಹಾಕಿಕೊಂಡು ಅಗಿದಳು. ಇನ್ನು ಬಾಯಿ ತೋರಿಸಬೇಕು, ಎಲ್ಲರೂ ಕಾಯುತ್ತಿದ್ದರು. ಅವಳು ಅಗಿಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು, ಬಾಯಿ ಅಗಲ ತೆರೆದು ಕೇಳಿದಳು:

"ಅಕ್ಕಾ, ನೋಡಿ ಹೇಳು. ಎಲಿ ಇನ್ನೂ ಬಾಯಾಗ ಐತೋ, ನುಂಗಿಬಿಟ್ಟೆನೋ?"