ಅಜ್ಜಿಯ ಅಪಚಾರ

ನಮ್ಮ ಮನೆಯಲ್ಲಿ ‘ಅಪಚಾರ’ ಎಂಬ ಮಾತಿನ ಯಜಮಾನಿಕೆ ಅಜ್ಜಿಯದು. ಜೋಳದ ಕಾಳು ಕಾಲಿಗೆ ತಾಕಿದರೆ ಅಪಚಾರ, ಪುಸ್ತಕ ತುಳಿದರೆ ಅಪಚಾರ, ಹಸಿದು ಬಂದವರಿಗೆ ಇಲ್ಲವೆಂದರಂತೂ ಮಹಾ ಅಪಚಾರ. ದೇವರ ಮುಂದೆ ಆಕಳಿಸಿದರೆ ಮಾತ್ರ ಏನೂ ಅನ್ನುತ್ತಿರಲಿಲ್ಲ, ಆಕೆಯೇ ಆಕಳಿಸುತ್ತಿದ್ದಳು.

ಅಪ್ಪ ತೀರಿಕೊಂಡ ವರ್ಷ ಆ ಮಾತನ್ನು ದೊಡ್ಡಪ್ಪ ಎತ್ತಿಕೊಂಡ. ಆಳಂದದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅವನು ಹಿರೋಳ್ಳಿಯ ನಮ್ಮ ಹೊಲಕ್ಕೆ ಬರುತ್ತಿದ್ದುದು ವರ್ಷಕ್ಕೊಮ್ಮೆ, ಎಳ್ಳಮವಾಸ್ಯೆಗೆ, ಅದೂ ಮರದ ನೆರಳಲ್ಲಿ ಕುಳಿತು ಕಡುಬು ತಿನ್ನಲು. ಆ ಸಲ ಬಿತ್ತಿ, ಕಳೆ ಕಿತ್ತು, ಕಾಡುಹಂದಿ ನುಗ್ಗದಂತೆ ಕಾಯ್ದು ಬೆಳೆ ತಂದವಳು ಅವ್ವ.

ಎಳ್ಳಮವಾಸ್ಯೆಯಂದು ಹೊಲದಲ್ಲಿ ಐದು ಕಲ್ಲಿಟ್ಟು ಪೂಜಿಸಿ, ಕಡುಬು, ಸೊಪ್ಪು-ಕಾಳಿನ ಭಜ್ಜಿ, ಅಂಬಲಿ ಕಲಸಿ, ಕೂಗು ಹಾಕುತ್ತ ಭೂತಾಯಿಗೆಂದು ಬೆಳೆಯ ತುಂಬ ಎರಚುತ್ತೇವೆ. ಅದೇ ಚರಗ. ಅಪ್ಪ ಚೆಲ್ಲುತ್ತಿದ್ದ ಚರಗವನ್ನು ಈ ಸಲ ತಾನೇ ಚೆಲ್ಲಬೇಕೆಂದು ಅವ್ವ ಚರಗ ತುಂಬಿದ ಬಿದಿರಿನ ಪುಟ್ಟಿಗೆ ಕೈ ಹಾಕಿದಳು.

“ಗಂಡ ಇಲ್ಲದಾಕಿ ಚರಗ ಚೆಲ್ಲಿದ್ರ ಅಪಚಾರ ಆಗ್ತದ,” ಅನ್ನುತ್ತ ದೊಡ್ಡಪ್ಪ ಪುಟ್ಟಿ ಕಸಿದುಕೊಂಡ. ಅವ್ವ ತಲೆ ತಗ್ಗಿಸಿದಳು. ನನಗೆ ಮೈಯೆಲ್ಲ ಉರಿಯಿತು. ಅಜ್ಜಿ ತಡೆಯಲಿಲ್ಲ, ಅದಕ್ಕೆ ಆಕೆಯನ್ನೂ ಮನಸ್ಸಿನಲ್ಲೇ ಬೈದೆ.

ದೊಡ್ಡಪ್ಪ ಗತ್ತಿನಿಂದ ಚೆಲ್ಲುತ್ತ ಹೊರಟ. ಚರಗ ಬಿದ್ದಲ್ಲಿ ನೀರು ಚಿಮುಕಿಸಲು ತಂಬಿಗೆ ಹಿಡಿದು ಹಿಂದೆ ನಾನು. ಕಡಲೆ ದಾಟಿ, ಬದು ಹತ್ತಿ ಇಳಿದು, ಆಚೆಯ ಜೋಳಕ್ಕೆ ಬೊಗಸೆಗಟ್ಟಲೆ ಎಸೆದ. ಅದು ಪಕ್ಕದವರ ಹೊಲ! ನಾನು ಬೇಕೆಂದೇ ಬಾಯಿ ಬಿಡಲಿಲ್ಲ. ಊಟಕ್ಕೆ ಬಂದ ನೆಂಟರೆಲ್ಲ ಹೊಟ್ಟೆ ಹಿಡಿದು ನಕ್ಕರು.

ಅಜ್ಜಿ ನಗಲಿಲ್ಲ. ಕೋಲೂರಿಕೊಂಡು ಬದುವಿನವರೆಗೂ ಬಂದಳು.

“ಲೇ, ಯಾರ ಹೊಲಕ್ಕ ಉಣಸಾಕತ್ತೀ? ನಿನ್ನ ತಮ್ಮನ ಹೊಲ ಯಾವ್ದಂತ ನಿನಗ ಗೊತ್ತಿಲ್ಲ. ಅದನ್ನ ಬೆಳದಾಕಿ ಕೈಯಾಗಿಂದ ಪುಟ್ಟಿ ಕಸ್ಕೊಂಡಿ. ಅಪಚಾರ ಅಂದ್ರ ಇದು. ಕೊಡು ಇಲ್ಲಿ.”

ಪುಟ್ಟಿ ಇಸಿದುಕೊಂಡು ಅವ್ವನ ಕಡೆ ತಿರುಗಿ, “ಬಾ ಬೇ, ಈ ಮಣ್ಣಿಗ ನಿನ್ನ ಕೈ ಗುರ್ತ ಅದ,” ಅಂದಳು.

ಅವ್ವ ಸೆರಗು ಸೊಂಟಕ್ಕೆ ಸಿಗಿಸಿದಳು. ಮೊದಲ ಕೂಗು ಗಂಟಲಲ್ಲೇ ಉಳಿಯಿತು. ಎರಡನೆಯದಕ್ಕೆ ಸುತ್ತಲ ಹೊಲದವರೆಲ್ಲ ತಿರುಗಿ ನೋಡಿದರು. ನಾಲ್ಕೂ ಮೂಲೆ ಮುಟ್ಟಿ ಬರುವಷ್ಟರಲ್ಲಿ ಅವಳ ಮುಖ ಕೆಂಪಾಗಿತ್ತು, ನನ್ನ ತಂಬಿಗೆ ಬರಿದಾಗಿತ್ತು. ಅಷ್ಟು ಖುಷಿ ನನಗೆ ಮತ್ತೆ ಆದದ್ದು ನೆನಪಿಲ್ಲ.

ಈಗಲೂ ಚರಗ ಅವ್ವನದೇ. ತಂಬಿಗೆ ಹಿಡಿದು ಹಿಂದೆ ನಡೆಯುವವನು ದೊಡ್ಡಪ್ಪ. ಬದು ಬಂದಲ್ಲಿ ಅವ್ವ ನಿಲ್ಲುತ್ತಾಳೆ, ಅವನೂ ನಿಲ್ಲುತ್ತಾನೆ.