ಸುರಕ್ಷತೆಯ ಹೊಣೆಗೆ ನನ್ನ ಹೆಸರು

ಕೆಮಿಕಲ್ ಎಂಜಿನಿಯರಿಂಗ್ ಮುಗಿಸಿ ನಾನು ಮೊದಲು ಹೋದದ್ದು ಗುಜರಾತಿಗೆ. ಬಣ್ಣದ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸ. ಎರಡು ವರ್ಷ ಆಗುವಷ್ಟರಲ್ಲಿ ನಮ್ಮ ವಿಭಾಗವನ್ನೇ ಮುಚ್ಚಿದರು. ಗುತ್ತಿಗೆಯವರನ್ನು ಮೊದಲು ಕಳಿಸಿದರು. ಊರಿಗೆ, ಹಾಲಾಡಿಯ ನಮ್ಮ ಮನೆಗೆ ಬಂದು ಏಳು ತಿಂಗಳು ಕೂತೆ. ಸಂದರ್ಶನಕ್ಕೆ ಹೋದಲ್ಲೆಲ್ಲ "ಈ ಏಳು ತಿಂಗಳು ಏನು ಮಾಡಿದಿರಿ?" ಎಂದು ಕೇಳುತ್ತಿದ್ದರು.

ಕಡೆಗೆ ಕುಂದಾಪುರದ ಹತ್ತಿರ, ಗೇರುಬೀಜದ ಸಿಪ್ಪೆಯಿಂದ ಎಣ್ಣೆ ತೆಗೆಯುವ ಸಣ್ಣ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಸಂಬಳ ಗುಜರಾತಿನದರ ಅರ್ಧ. ಮಾಲೀಕರು ಮುಂಬೈಯಲ್ಲಿ ಹೋಟೆಲ್ ನಡೆಸಿ ಬಂದವರು. "ಮನೆ ಊಟ, ಮನೆ ನಿದ್ರೆ. ಎಂತ ಕಮ್ಮಿ ನಿಂಗೆ?" ಎಂದರು. ಇದೂ ತಪ್ಪಿದರೆ ಎಂಬ ಹೆದರಿಕೆಯಲ್ಲಿ ಒಪ್ಪಿಕೊಂಡೆ.

ಆ ಎಣ್ಣೆಯನ್ನು ದೊಡ್ಡ ಟ್ಯಾಂಕಿನಲ್ಲಿ ನಿಧಾನವಾಗಿ ಕಾಯಿಸಬೇಕು. ನೀರಿನಂಶ ಇರುವಾಗ ಅವಸರ ಮಾಡಿದರೆ ಹಾಲು ಉಕ್ಕಿದ ಹಾಗೆ ನೊರೆ ಉಕ್ಕುತ್ತದೆ. ಮೈಗೆ ತಾಗಿದರೆ ಚರ್ಮ ಸುಲಿಯುತ್ತದೆ. ಟ್ಯಾಂಕಿನ ಕೆಳಗೇ ಬೆಂಕಿ. ಇದ್ದದ್ದು ಒಂದೇ ಥರ್ಮಾಮೀಟರ್, ಅದರ ಮುಳ್ಳು ಆಗಾಗ ಸಿಕ್ಕಿಕೊಳ್ಳುತ್ತಿತ್ತು. ಮಾಲೀಕರಿಗೆ ಎರಡು ಸಲ ಹೇಳಿದ್ದೆ. "ಬಪ್ಪ ತಿಂಗ್ಳ್ ಕಾಂಬ" ಎಂದು ಮುಂದಿನ ತಿಂಗಳಿಗೆ ತಳ್ಳಿದ್ದರು.

ಒಂದು ಮಧ್ಯಾಹ್ನ ಎಣ್ಣೆ ಒಯ್ಯುವ ಲಾರಿ ಬೇಗ ಬಂತು. ಮಾಲೀಕರು ಒಲೆ ನೋಡುವವನಿಗೆ ಫೋನ್ ಮಾಡಿ ಬೆಂಕಿ ಜೋರು ಮಾಡಿಸಿದರು. ನನಗೆ ಗೊತ್ತೇ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಎಣ್ಣೆಯ ಮಾದರಿ ಪರೀಕ್ಷೆ ಮಾಡುತ್ತಿದ್ದವಳಿಗೆ ಟ್ಯಾಂಕಿನೊಳಗಿಂದ ಕೊತಕೊತ ಸದ್ದು ಕೇಳಿಸಿತು. ಹೊರಗೆ ಬಂದು ನೋಡಿದರೆ ಥರ್ಮಾಮೀಟರಿನ ಮುಳ್ಳು ಬೆಳಗಿನ ಜಾಗದಲ್ಲೇ ನಿಂತಿದೆ. ಟ್ಯಾಂಕಿನ ಮೇಲಿನ ಅಟ್ಟಣಿಗೆಯಿಂದ, ಈ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ದುಡಿಯುವ ಅಕ್ಕ ಬಗ್ಗಿ ಟ್ಯಾಂಕಿನೊಳಗೆ ನೋಡುತ್ತಿದ್ದಾರೆ.

"ಹ್ವಾಯ್ ಅಕ್ಕ! ಕೆಳ್ಗ್ ಇಳಿನಿ! ಬೇಗ!"

ಅವರು ಒಂದು ಚಪ್ಪಲಿ ಮೇಲೇ ಬಿಟ್ಟು ಇಳಿದರು. ನಾನು ಓಡಿಹೋಗಿ ಒಲೆಗೆ ಗಾಳಿ ಊದುವ ಫ್ಯಾನ್ ನಿಲ್ಲಿಸಿದೆ. ಅಷ್ಟರಲ್ಲಿ ಕಪ್ಪು ನೊರೆ ಅಂಚು ದಾಟಿ ಸುರಿಯಿತು. ಒಲೆಯ ಬಾಯಿಗೆ ಎರಡು ಗೇಣು ದೂರದಲ್ಲಿ ಅದು ನಿಂತಿತು. ಏಕೆ ನಿಂತಿತೋ ಇವತ್ತಿಗೂ ಗೊತ್ತಿಲ್ಲ.

"ಎಂತ ಮಾರಾಯ್ತಿ, ನನ್ನ್ ಇಳ್ಸಿ ನೀ ಒಲೆ ಹತ್ರವೇ ಓಡುದಾ!" ಎಂದು ಅಕ್ಕ ನನಗೇ ನೀರು ಕುಡಿಸಿದರು.

ಸಂಜೆ ಮಾಲೀಕರು ಬಂದರು. ಬೈಯಲಿಲ್ಲ. ಒಂದು ಕಾಗದ ಮುಂದಿಟ್ಟರು. ಕಾರ್ಖಾನೆಯ ಪರವಾನಗಿಗಾಗಿ ಸರ್ಕಾರಕ್ಕೆ ಕೊಡುವ ಅರ್ಜಿ. ಸುರಕ್ಷತೆಯ ಹೊಣೆ ಹೊತ್ತವರು ಎಂಬಲ್ಲಿ ನನ್ನ ಹೆಸರು ಟೈಪಾಗಿತ್ತು.

"ಒಂದ್ ಸೈನ್ ಹಾಕ್ ಮಗಾ. ನೀ ಎಂಜಿನಿಯರ್ ಅಲ್ದಾ?"

ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಯಾಕೆಂದು ಆಗ ಅರ್ಥವಾಯಿತು. "ಹೊಸ ಥರ್ಮಾಮೀಟರ್ ಎರಡು ಬೇಕ್ ಸರ್. ಉಕ್ಕಿದ್ ನೊರೆ ಹೋಪುಕೆ ಬೇರೆ ಟ್ಯಾಂಕ್ ಬೇಕ್. ಅದಾಗ್ದೆ ನಾ ಸೈನ್ ಹಾಕುದಿಲ್ಲೆ" ಎಂದೆ.

"ಹಾಂಗಾರೆ ಕೆಲ್ಸ ಬಿಟ್ಟ್ ಹೋಯ್ಲಕ್. ಈ ಊರಲ್ಲ್ ನಿನ್ ಓದಿಗೆ ಬೇರೆ ಎಲ್ಲ್ ಕೆಲ್ಸ ಇತ್ತ್?"

ಅವರು ಹೇಳಿದ್ದು ನಿಜ. ಅದಕ್ಕೇ ಹೆಚ್ಚು ಹೆದರಿದೆ. ಎರಡು ದಿನ ಮನೆಯಲ್ಲೇ ಇದ್ದೆ. "ನಾಳೆ ಹೋತ್ಯಾ?" ಎಂದು ಅಮ್ಮ ಕೇಳಿದರೆ ಹಳೆಯ ಅರ್ಜಿಗಳನ್ನು ಮತ್ತೆ ತೆರೆದು ಕೂತೆ. ಮೂರನೇ ದಿನ ಮಾಲೀಕರದೇ ಫೋನ್: "ಥರ್ಮಾಮೀಟರ್ ಬಂತ್. ಟ್ಯಾಂಕಿಗೂ ಹೇಳಿದ್ದೆ. ಎಂಜಿನಿಯರ್ ಸೈನ್ ಇಲ್ದೆ ಅರ್ಜಿ ಹೋಪುದಿಲ್ಲೆ. ಬಾ."

ಟ್ಯಾಂಕ್ ಕೂರಿಸಿದ ಮೇಲೆ ಸಹಿ ಹಾಕಿದೆ. ಸಂಬಳ ಹೆಚ್ಚಿಸಿ ಎಂದು ಕೇಳಿದ್ದಕ್ಕೆ ನಕ್ಕರು. ಈಗಲೂ ಅಲ್ಲೇ ಇದ್ದೇನೆ, ಭಾನುವಾರಗಳಲ್ಲಿ ಬೇರೆ ಕಡೆ ಅರ್ಜಿ ಹಾಕುತ್ತೇನೆ. ರಜೆಯ ದಿನ ಕಾರ್ಖಾನೆಯ ನಂಬರಿನಿಂದ ಕರೆ ಬಂದರೆ ಎತ್ತಿದ ಕೂಡಲೇ ಟ್ಯಾಂಕಿನ ಬಿಸಿ ಎಷ್ಟಿದೆ ಎಂದು ಕೇಳುತ್ತೇನೆ. ಅಕ್ಕ ಅಟ್ಟಣಿಗೆ ಹತ್ತಿದಾಗ ನಾನು ಕೋಣೆಯಲ್ಲಿ ಕೂರುವುದಿಲ್ಲ, ಥರ್ಮಾಮೀಟರಿನ ಎದುರು ನಿಲ್ಲುತ್ತೇನೆ.